ಗೌರಿಗೊಂದು ಸಾಲಿ

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನದು ದೊಡ್ಡ ಗಂಟಲು. ಕೊಟ್ಟೂರಿನಿಂದ ಬಸ್ಸಿಗೆ ಅರ್ಧ ಗಂಟೆ ದೂರದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಟೀಚರಾಗಿದ್ದೇನೆ. ನಾನು ‘ಸೈಲೆನ್ಸ್’ ಎಂದರೆ ನನ್ನ ಮಕ್ಕಳಷ್ಟೇ ಅಲ್ಲ, ಎದುರಿನ ಕಟ್ಟೆಯ ಮೇಲೆ ಹರಟುವ ಹಿರಿಯರೂ ಒಂದು ಗಳಿಗೆ ಬಾಯಿ ಮುಚ್ಚುತ್ತಾರೆ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ಹಲಗೆಯ ಮೇಲೆ ಅದೆಷ್ಟು ಸಲ ಬರೆದಿದ್ದೇನೋ. ದೇವರು ಅದನ್ನು ಓದಿಕೊಂಡನೆಂದು ಕಾಣುತ್ತದೆ, ಮಾತಾಡದ ಮಗಳನ್ನು ಕೊಟ್ಟ.

ಗೌರಿಗೆ ಈಗ ಎಂಟು ವರ್ಷ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಎಳೆದೊಯ್ದು ತೋರಿಸುತ್ತಾಳೆ. ದೊಡ್ಡ ಸದ್ದಾದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾಳೆ. ದಾವಣಗೆರೆಯ ಡಾಕ್ಟರು ಇದು ಆಟಿಸಂ ಎಂದರು. ಅದಕ್ಕೂ ಮೊದಲು ನಾವು ಮಾಡದ ಪಂಡಿತಿಕೆ ಉಳಿದಿರಲಿಲ್ಲ. ಬಜೆ ಬೇರು ತೇಯ್ದು ನಾಲಗೆಗೆ ಹಚ್ಚಿದ್ದಾಯಿತು. ಮಾತು ಬರಲಿ ಎಂದು ಮನೆದೇವರಿಗೆ ಗಂಟೆ ಕಟ್ಟುವ ಹರಕೆ ಹೊತ್ತದ್ದಾಯಿತು. ಬಿ.ಎಡ್. ಓದಿದ ನಾನೇ ಪಾತ್ರೆ ಅಂಗಡಿಗೆ ಹೋಗಿ, “ಸಪ್ಪಳ ಜೋರಿರೋದು ಕೊಡ್ರಿ” ಎಂದು ಹತ್ತು ಗಂಟೆ ಬಾರಿಸಿ ನೋಡಿ ಒಂದನ್ನು ಆರಿಸಿ ತಂದೆ. ಸದ್ದಿಗೆ ಹೆದರುವ ಕೂಸಿಗೆ ಗಂಟೆಯ ಹರಕೆ. ಬುದ್ಧಿವಂತರಿಗೆ ಮಾತ್ರ ಇಂಥದು ಹೊಳೆಯುತ್ತದೆ.

ಗುಡಿಯಲ್ಲಿ ಗಂಟೆ ಕಟ್ಟಿದ್ದೇ ತಡ, ನೆಂಟರೆಲ್ಲ ಸರದಿಯಲ್ಲಿ ಬಾರಿಸತೊಡಗಿದರು. ಗೌರಿ ಹೊರಗೆ ಬಿಟ್ಟ ಚಪ್ಪಲಿಗಳ ನಡುವೆ ಕೂತು ಹಣೆಯನ್ನು ನೆಲಕ್ಕೆ ಬಡಿದುಕೊಳ್ಳುತ್ತಿದ್ದಳು. ಆಗ ನನ್ನ ಅತ್ತೆ ತಮ್ಮ ಸೆರಗಿನ ಅಂಚನ್ನು ಹರಿದು, ಗಂಟೆಯ ನಾಲಗೆಗೆ ಸುತ್ತಿ ಬಿಗಿದರು. “ದೇವ್ರಿಗೆ ಕೇಳಿದ್ದು ಸಾಕು, ಕೂಸಿಗೆ ಬ್ಯಾಡಾಗೈತಿ” ಎಂದರು. ಪೂಜಾರಿ ಅತ್ತೆಯ ಮುಖ ನೋಡಿ ಮಂಗಳಾರತಿ ತಟ್ಟೆ ಎತ್ತಿಕೊಂಡ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಮೆಟ್ಟಿಲು ಹತ್ತಿದ ನಾವು ಮಾತ್ರ ಮೂರು ವರ್ಷದಲ್ಲಿ ಮೂರು ಶಾಲೆಗಳ ಮೆಟ್ಟಿಲು ಇಳಿದಿದ್ದೇವೆ. ಎರಡು ಕೊಟ್ಟೂರಿನವು. ಮೂರನೆಯದು ಹಗರಿಬೊಮ್ಮನಹಳ್ಳಿಯದು. ಅಲ್ಲಿನ ಹೆಡ್‌ಮಾಸ್ತರರು ಕಳೆದ ವಾರ ಕರೆಸಿ, ಚಹಾ ತರಿಸಿ, ಬಹಳ ಮರ್ಯಾದೆಯಿಂದ ಹೇಳಿದರು: “ಮೇಡಂ, ಹುಡುಗಿ ಭಾಳ ಒಳ್ಳೇಕಿ ಅದಾಳ್ರಿ. ಆದ್ರ ಉಳಿದ ಪಾಲಕರು ತಕರಾರು ಮಾಡಾಕತ್ತಾರ. ಟಿ.ಸಿ.ಗೆ ನೀವಾ ಒಂದು ಅರ್ಜಿ ಬರ್ಕೊಟ್ರ ಚಲೋ ಆಕೈತಿ.”

ಪತ್ರಲೇಖನ ಕಲಿಸುವವಳು ನಾನು. ಇಂದ, ಗೆ, ಮಾನ್ಯರೇ, ವಿಷಯ, ಒಂದೂ ತಪ್ಪಿಲ್ಲದೆ ಬರೆದುಕೊಟ್ಟೆ. ಕಾರಣ: ಸ್ವಂತ. ಅವರು ಕೊಟ್ಟ ಟಿ.ಸಿ.ಯಲ್ಲಿ ಗೌರಿಯ ನಡತೆ ‘ತೃಪ್ತಿಕರ’ ಎಂದಿತ್ತು. ಇಷ್ಟು ತೃಪ್ತಿಯಾದ ಮೇಲೂ ಯಾಕೆ ಕಳಿಸುತ್ತೀರಿ ಎಂದು ಕೇಳಬೇಕೆನಿಸಿತು. ಟಿ.ಸಿ.ಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಗೌರಿ ನನ್ನ ಬಳೆ ತಿರುಗಿಸುತ್ತ ಕೂತಿದ್ದಳು. ನಾನು ಹೋದ ಮೇಲೆ ಇವಳು ಯಾರ ಕೈ ಹಿಡಿದು ಎಳೆಯುತ್ತಾಳೆ?

ಮನೆಗೆ ಬಂದಾಗ ಅತ್ತೆ ಎಲ್ಲ ಕೇಳಿಸಿಕೊಂಡು, “ನಿನ್ನ ಸಾಲಿನೂ ಸಾಲಿನಾ ಅಲ್ಲೇನವ್ವಾ? ಅಲ್ಲಿಗೇ ಕರ್ಕೊಂಡು ಹೋಗು. ಮೂರನೇ ಕ್ಲಾಸು ನಿನ್ನ ಕೈಯಾಗ ಐತಿ” ಎಂದರು.

ನಾನು ಅಡುಗೆಮನೆಗೆ ಎದ್ದುಹೋದೆ. ಒಂದು ವರ್ಷ ನನ್ನ ಮೂರನೇ ತರಗತಿಯಲ್ಲೂ ಗೋಡೆಗೆ ಮುಖ ಮಾಡಿ ಕೂರುವ ಹುಡುಗಿಯೊಬ್ಬಳಿದ್ದಳು. ಪ್ರಗತಿ ಪತ್ರದಲ್ಲಿ ‘ಹಟಮಾರಿ’ ಎಂದು ಬರೆದು ಹಿಂದೆ ಕೂರಿಸಿದೆ. ದಸರಾ ರಜೆಯ ನಂತರ ಅವಳು ಬರಲಿಲ್ಲ. ತರಗತಿ ಶಾಂತವಾಯಿತೆಂದು ನಾನೂ ವಿಚಾರಿಸಲಿಲ್ಲ.

ಮಗುವನ್ನು ಸೇರಿಸುವ ಮುನ್ನ ಟೀಚರು ಹೇಗೆ ಎಂದು ತಾಯಂದಿರು ನಾಲ್ಕು ಕಡೆ ಕೇಳುತ್ತಾರೆ. ನಾನು ಯಾರನ್ನೂ ಕೇಳಬೇಕಾಗಿಲ್ಲ. ಆ ಟೀಚರನ್ನು ನಾನು ಬಲ್ಲೆ.