ಯಾರನ್ನೂ ನಂಬದ ಫೆಂಡ್ರಿಖ್ ಪ್ರೊಫೆಸರು

ಓಟ್ಮಾರ್ ಫೆಂಡ್ರಿಖ್ ಕಾಫಿಗೆ ಸಕ್ಕರೆ ಹಾಕಿಕೊಳ್ಳುವ ಮೊದಲು ಸಕ್ಕರೆಯನ್ನು ಮೂಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹೆಂಡತಿ ಹೆಡ್ವಿಗ್ ಇದಕ್ಕೆ ಅತ್ತಿದ್ದಳು, ಆಮೇಲೆ ನಕ್ಕಳು, ಕೊನೆಗೆ ಬಿಟ್ಟುಬಿಟ್ಟಳು.

"ಮೂಸ್ರೀ, ಚೆನ್ನಾಗಿ ಮೂಸಿ. ವಿಷ ಹಾಕೋದಿದ್ರೆ ನಾನು ಸೂಪಿಗೆ ಹಾಕ್ತೀನಿ, ಸಕ್ಕರೆಗಲ್ಲ," ಎಂದಳು ಒಂದು ದಿನ. ಅವತ್ತಿನಿಂದ ಅವರು ಸೂಪನ್ನೂ ಮೂಸತೊಡಗಿದರು.

ಇಂಥ ಮನುಷ್ಯ ನಮ್ಮೂರಿನ ವಿಶ್ವವಿದ್ಯಾಲಯದಲ್ಲಿ ಸಾವಯವ ರಸಾಯನಶಾಸ್ತ್ರದ ಪ್ರೊಫೆಸರು. ಹುಟ್ಟಿದ್ದು ಇಲ್ಲೇ, ಹೊಳೆ ಬೀದಿಯ ಬಣ್ಣಗಾರನ ಮನೆಯಲ್ಲಿ. ಅಪ್ಪನ ಕೈ ಭಾನುವಾರ ಚರ್ಚಿನಲ್ಲೂ ನೀಲಿಯಾಗಿಯೇ ಇರುತ್ತಿತ್ತು. ಹುಡುಗ ಓದಿ ಬೇರೆ ಊರಿಗೆ ಹೋಗಿ, ಒಬ್ಬ ದೊಡ್ಡ ಗುರುವಿನ ಕೈಕೆಳಗೆ ಒದ್ದಾಡಿ ಒಂದು ಹೊಸ ಬಣ್ಣವನ್ನು ತಯಾರಿಸಿದ. ಗುರು ಬೆನ್ನು ತಟ್ಟಿದರು. ತಟ್ಟಿ, ಪತ್ರಿಕೆಯಲ್ಲಿ ಅದನ್ನು ತಮ್ಮ ಹೆಸರಲ್ಲೇ ಅಚ್ಚು ಹಾಕಿಸಿದರು! ಪುಟದ ಅಡಿಯಲ್ಲಿ, ಇರುವೆಯಂಥ ಅಕ್ಷರಗಳಲ್ಲಿ, ಶ್ರೀ ಫೆಂಡ್ರಿಖ್ ಅವರ ನೆರವಿಗೆ ಕೃತಜ್ಞತೆ ಎಂದಿತ್ತು. ಅವತ್ತು ಹೊಕ್ಕ ಅನುಮಾನ ಮತ್ತೆ ಹೊರಗೆ ಬರಲಿಲ್ಲ. ಯುದ್ಧ ಬಂತು, ಹೋಯಿತು. ವಿಶ್ವವಿದ್ಯಾಲಯದ ಕಟ್ಟಡ ಅರ್ಧ ಬಿದ್ದು ಮತ್ತೆ ಎದ್ದಿತು. ಫೆಂಡ್ರಿಖ್ ಪ್ರೊಫೆಸರಾದರು, ಗಡ್ಡ ಬಿಟ್ಟರು, ಗಡ್ಡ ಬೆಳ್ಳಗಾಯಿತು. ಬೀಗದ ಕೈ ಮಾತ್ರ ಸೊಂಟದಿಂದ ಇಳಿಯಲಿಲ್ಲ.

ಅವರ ಜೀವಮಾನದ ಕೆಲಸವೆಲ್ಲ ಒಂದು ಬೇರಿನ ಮೇಲೆ. ಬೆಟ್ಟದ ಮೇಲೆ ಹಳದಿ ಹೂ ಬಿಡುವ ಗಿಡ. ಅದರ ಬೇರನ್ನು ನಮ್ಮವರು ಸಾರಾಯಿಗೆ ಹಾಕುತ್ತಾರೆ, ಕಹಿ ಎಂದರೆ ಕಹಿ. ಆ ಕಹಿಯನ್ನು ಫೆಂಡ್ರಿಖ್ ಬೇರಿನಿಂದ ಬಿಳಿ ಸೂಜಿಯಂಥ ಹರಳಾಗಿ ತೆಗೆದರು. ಆಮೇಲೆ ಅದೇ ವಸ್ತುವನ್ನು ಬೇರಿನ ಹಂಗಿಲ್ಲದೆ ಗಾಜಿನ ಬುರುಡೆಯಲ್ಲಿ ಮಾಡಬೇಕೆಂದು ಹಟ ಹಿಡಿದರು. ವರ್ಷಗಳು ಉರುಳಿದವು. ದಿನವೂ ಬೇರಿನ ಹರಳನ್ನು ಅರೆಯುವುದು, ಪರೀಕ್ಷಿಸುವುದು, ಬೀರುವಿಗೆ ಬೀಗ ಹಾಕುವುದು, ಹಾಕಿದೆನೋ ಇಲ್ಲವೋ ಎಂದು ಮತ್ತೆ ಎಳೆದು ನೋಡುವುದು. ವಿದ್ಯಾರ್ಥಿಗಳು ಬಂದರು, ಸೋತರು, ಹೋದರು.

ಕೊನೆಗೆ ಬಂದವಳು ಗೆಸಾ ಹಾರ್ಮ್ಸ್. ಉತ್ತರದ ಕಡಲತೀರದವಳು, ಉದ್ದನೆಯ ಹುಡುಗಿ, ಮಾತು ಕಡಿಮೆ. ನಾಲ್ಕನೆಯ ವರ್ಷ ಅವಳ ಬುರುಡೆಯಲ್ಲಿ ಜೇನಿನಂಥ ಪಾಕವೊಂದು ಉಳಿಯಿತು. ಪಾಕ ಹರಳುಗಟ್ಟಿದರೆ ಗೆದ್ದಂತೆ, ಕಟ್ಟದಿದ್ದರೆ ಅದು ಬರೀ ಅಂಟು. ಪ್ರೊಫೆಸರು ದಿನವೂ ಸಂಜೆ ಬಂದು ಅದಕ್ಕೆ ಮೂಗು ತೂರಿಸಿ ಮೂಸಿ ಹೋಗುತ್ತಿದ್ದರು. ಒಂದು ಬೆಳಗ್ಗೆ ನೋಡಿದರೆ ಬುರುಡೆಯ ತುಂಬ ಬಿಳಿ ಸೂಜಿಗಳು!

"ಹೆರ್ ಪ್ರೊಫೆಸರ್! ಬಂತು! ಬಂದ್ಬಿಡ್ತು!" ಎಂದು ಗೆಸಾ ಓಡಿ ಬಂದಳು.

ಫೆಂಡ್ರಿಖ್‌ರ ಎದೆ ಒಮ್ಮೆ ಜಿಗಿಯಿತು. ಮರುಗಳಿಗೆಯಲ್ಲೇ ಅನುಮಾನ ಎದ್ದು ಕೂತಿತು. ಬೀರುವಿನಲ್ಲಿರುವುದು ಇಂಥದ್ದೇ ಹರಳಲ್ಲವೆ?

"ಎಲ್ಲಿಂದ ತಂದ್ರಿ, ಫ್ರಾಯ್ಲೈನ್ ಹಾರ್ಮ್ಸ್?"

"ಎಲ್ಲಿಂದ ಅಂದ್ರೆ? ನಾನೇ ಮಾಡಿದ್ದು."

ಪ್ರೊಫೆಸರು ಹೋಗಿ ಬೀರು ತೆಗೆದು ಹರಳನ್ನು ತೂಗಿದರು. ಒಂದು ಚೂರೂ ಕಡಿಮೆಯಾಗಿರಲಿಲ್ಲ. ಬೇರೆಯವರಾಗಿದ್ದರೆ ನಾಚಿಕೊಂಡು ಕ್ಷಮೆ ಕೇಳುತ್ತಿದ್ದರು. ಇವರು ಇನ್ನೊಂದು ದಾರಿ ಹುಡುಕಿದರು. ಅನುಮಾನದವರಿಗೆ ದಾರಿಗೇನು ಬರವೆ? ರೈನ್ ನದಿಯ ದಂಡೆಯ ಇನ್ನೊಂದು ವಿಶ್ವವಿದ್ಯಾಲಯದವರೂ ಇದೇ ಬೇರಿನ ಹಿಂದೆ ಬಿದ್ದಿದ್ದರು. ಎಲ್ಲರೂ ಕೆಲಸ ಮಾಡುತ್ತಿದ್ದ ಕೋಣೆಯ ನಡುವೆ ನಿಂತು ಕೇಳಿಯೇಬಿಟ್ಟರು.

"ಆ ರೈನ್ ದಂಡೆಯವರು ಕೊಟ್ಟು ಕಳಿಸಿದ್ರಾ? ನನ್ನ ಮುಖಕ್ಕೆ ಮಸಿ ಬಳಿಯೋಕೆ?"

ಗೆಸಾಳ ಮುಖ ಸುಣ್ಣದ ಹಾಗಾಯಿತು. ಅವರ ರುಜು ಬೀಳದಿದ್ದರೆ ಡಾಕ್ಟರ್ ಪದವಿ ಇಲ್ಲ. ಪದವಿ ಹೋದರೆ ಹೋಗಲಿ, ಮೋಸಗಾತಿ ಎಂಬ ಮಾತು ಒಮ್ಮೆ ಹೊರಗೆ ಬಿದ್ದರೆ ಈ ದೇಶದ ಯಾವ ಪ್ರಯೋಗಾಲಯದ ಬಾಗಿಲೂ ಅವಳಿಗೆ ತೆರೆಯುವುದಿಲ್ಲ. ಅದು ಅವಳಿಗೂ ಗೊತ್ತು, ಅವರಿಗೂ ಗೊತ್ತು.

"ಮೊದಲಿಂದ ಮತ್ತೆ ಮಾಡ್ತೀನಿ. ನಿಮ್ಮ ಕಣ್ಣೆದುರಿಗೇ ಮಾಡ್ತೀನಿ," ಎಂದಳು.

"ಮಾಡಿ. ಆದ್ರೆ ನಾನು ಹೇಳಿದ ಹಾಗೆ."

ಅವರು ಹೇಳಿದ್ದೆಂದರೆ, ಮೇಲ್ಮಹಡಿಯಲ್ಲಿ ಯಾರೂ ಕಾಲಿಡದ ಖಾಲಿ ಕೋಣೆ, ಗಾಜು ಊದುವ ಪಾಪ್ಕೆಯಿಂದ ಹೊಸದಾಗಿ ಮಾಡಿಸಿದ ಸಾಮಾನು, ಒಳಗೆ ಹೋಗುವಾಗ ಬರುವಾಗ ಅವಳ ಜೇಬಿನ ತಪಾಸಣೆ. ಪ್ರೊಫೆಸರೇ ಕೈಯಾಡಿಸಿದರು ಎಂದು ನಾಳೆ ಯಾರೂ ಅನ್ನಬಾರದಲ್ಲ, ಅದಕ್ಕೆ ತಾವೂ ಹೊಸ್ತಿಲು ದಾಟಲಿಲ್ಲ. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಅವಳ ಕೈಯನ್ನೇ ನೋಡುತ್ತ ಕೂತರು.

"ಏನ್ ಹೆರ್ ಪ್ರೊಫೆಸರ್, ರೈಲು ಇನ್ನೂ ಬರ್ಲಿಲ್ವಾ?" ಎಂದು ಪಾಪ್ಕೆ ಮೆಟ್ಟಿಲು ಹತ್ತುವಾಗಲೆಲ್ಲ ಕೆಣಕುತ್ತಿದ್ದ.

"ನಿನ್ನ ಕೆಲಸ ನೋಡ್ಕೋ, ಪಾಪ್ಕೆ."

"ನಂದು ಮುಗೀತು. ಗಾಜಿನ ಹಿಂದೆ ಏನಿದೆ ಅಂತ ಕಾಣುತ್ತೆ ನೋಡಿ. ಮನುಷ್ಯರನ್ನೂ ಹಂಗೇ ಊದಿದ್ದಿದ್ರೆ ನಿಮಗೆ ಇಷ್ಟು ಕಷ್ಟ ಇರ್ತಿರ್ಲಿಲ್ಲ."

ವರ್ಷ ತಿರುಗುವ ಹೊತ್ತಿಗೆ ಅದೇ ಜೇನಿನಂಥ ಪಾಕ ಬಂತು. ಗೆಸಾ ಗಾಜಿನ ಕಡ್ಡಿಯಿಂದ ಬುರುಡೆಯ ಒಳಮೈ ಗೀಚಿದಳು, ಮಂಜುಗಡ್ಡೆಯಲ್ಲಿಟ್ಟಳು, ಬೆಚ್ಚಗೆ ಮಾಡಿದಳು, ಮತ್ತೆ ತಣ್ಣಗೆ ಮಾಡಿದಳು. ಊಹೂಂ. ವಾರಗಳು ಕಳೆದರೂ ಪಾಕ ಪಾಕವಾಗಿಯೇ ಇತ್ತು. ಫೆಂಡ್ರಿಖ್ ಒಳಗೊಳಗೇ ಹಿಗ್ಗಿದರು. ಛೆ, ಎಂಥ ಮನುಷ್ಯ! ತನ್ನ ಜೀವಮಾನದ ಆಸೆ ನೀರುಪಾಲಾದರೆ ಹಿಗ್ಗುವವರುಂಟೆ?

"ಮುಗೀತಲ್ಲ, ಫ್ರಾಯ್ಲೈನ್? ಇನ್ನು ಸಾಮಾನು ಕಟ್ಕೊಳ್ಳಿ."

ಗೆಸಾ ಬುರುಡೆಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಮೆಲ್ಲಗೆ ತಲೆಯೆತ್ತಿದಳು.

"ಹೋದ ಸಲ ನೀವು ದಿನಾ ಬಂದು ಇದನ್ನ ಮೂಸ್ತಿದ್ರಿ. ಈ ಸಲ ಬಾಗಿಲು ದಾಟೇ ಇಲ್ಲ. ಒಳಗೆ ಬನ್ನಿ. ಒಂದೇ ಒಂದ್ಸಲ ಮೂಸಿ."

"ಇದ್ಯಾವ ಹೊಸ ಆಟ?"

"ನಾನು ಗೋಡೆ ಹತ್ರ ನಿಂತಿರ್ತೀನಿ, ಕೈ ಕಟ್ಕೊಂಡು. ಪಾಪ್ಕೇನೂ ಕರೀರಿ, ನೋಡ್ಲಿ."

ಪಾಪ್ಕೆ ಬಂದು ಬಾಗಿಲಿಗೆ ಒರಗಿ ನಿಂತ. ಫೆಂಡ್ರಿಖ್ ಬುರುಡೆಯ ಬಾಯಿಗೆ ಬಗ್ಗಿದರು, ಮೂಸಿದರು. ಇದರಲ್ಲಿ ಏನು ಕುತಂತ್ರವಿರಬಹುದು ಎಂದು ಯೋಚಿಸುತ್ತ ಎಂದಿನಂತೆ ಗಡ್ಡ ನೀವಿಕೊಂಡರು. ಕಿಟಕಿಯ ಬಿಸಿಲಿನಲ್ಲಿ ಒಂದಿಷ್ಟು ಧೂಳು ಇಳಿದದ್ದು ಕಾಣಿಸಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪಾಕದ ಮೇಲೆ ಬಿಳಿ ಚುಕ್ಕೆಯೊಂದು ಮೂಡಿತು. ಚುಕ್ಕೆಯಿಂದ ಸೂಜಿಗಳು ಹೊರಟು, ಒಂದನ್ನೊಂದು ಹಿಂದಿಕ್ಕುತ್ತ, ನೋಡನೋಡುತ್ತಿದ್ದಂತೆ ಬುರುಡೆಯ ತಳದವರೆಗೆ ಹಬ್ಬಿದವು.

"ಅಯ್ಯೋ ದೇವರೇ!" ಎಂದ ಪಾಪ್ಕೆ.

ಹಾಲಿಗೆ ಹೆಪ್ಪು ಬೇಕಲ್ಲ, ಇದಕ್ಕೂ ಹಾಗೆಯೇ, ಅದೇ ಹರಳಿನ ಒಂದು ಕಣ ಬೀಳಬೇಕು. ಇಷ್ಟು ವರ್ಷ ಬೇರಿನ ಹರಳು ಅರೆದೂ ಅರೆದೂ ಅದರ ಪುಡಿ ಆ ಗಡ್ಡದ ತುಂಬ ಕೂತಿತ್ತು. ಹೋದ ವರ್ಷ ಹೆಪ್ಪು ಬಿದ್ದದ್ದೂ ಅಲ್ಲಿಂದಲೇ. ಊರೆಲ್ಲ ಹುಡುಕಿದ ಕಳ್ಳ ಅವರ ಗಲ್ಲದ ಕೆಳಗೇ ನೇತಾಡುತ್ತಿದ್ದ. ಆದರೆ ನೀರಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆಯೆ? ಬುರುಡೆಯಲ್ಲಿದ್ದದ್ದು ಅಪ್ಪಟ ಹಾಲೇ, ಗೆಸಾ ತನ್ನ ಕೈಯಾರೆ ಮಾಡಿದ್ದು. ಇಷ್ಟಾದರೂ ಪ್ರೊಫೆಸರು ಅವಳ ಹರಳನ್ನೂ ತಮ್ಮ ಹರಳನ್ನೂ ಬೆರೆಸಿ ಕಾಯಿಸಿ ನೋಡಿದರು. ಎರಡೂ ಬೇರೆ ವಸ್ತುಗಳಾಗಿದ್ದರೆ ಬೆರಕೆ ಕಡಿಮೆ ಶಾಖದಲ್ಲೇ ಕರಗಬೇಕು. ಕರಗಲಿಲ್ಲ. ಬೇರಿನ ಹರಳು ಕರಗುವ ಶಾಖದಲ್ಲಿಯೇ ಅದೂ ಕರಗಿತು. ಫೆಂಡ್ರಿಖ್ ರುಜು ಹಾಕಿದರು.

ಪದವಿಯ ದಿನ ಗೆಳೆಯರು ರಟ್ಟಿನ ಡಾಕ್ಟರ್ ಟೋಪಿಯನ್ನು ಗೆಸಾಳ ತಲೆಗಿಟ್ಟು, ಕೈಗಾಡಿಯಲ್ಲಿ ಕೂರಿಸಿ, ಮಾರುಕಟ್ಟೆಯ ಕಾರಂಜಿಯವರೆಗೆ ಎಳೆದುಕೊಂಡು ಹೋಗಿ ಬಂದರು. ಸಾಸೇಜು, ಆಲೂಗಡ್ಡೆ ಸಲಾಡು, ವೈನು. ಗದ್ದಲದ ನಡುವೆ ಫೆಂಡ್ರಿಖ್ ಗ್ಲಾಸು ಹಿಡಿದು ಎದ್ದು ನಿಂತರು. ಶಿಷ್ಯರು ಡಾಕ್ಟರಾದ ದಿನ ಗುರು ತಾನಾಗಿ ಬಹುವಚನ ಬಿಟ್ಟು ಸಲುಗೆ ಕೊಡುವುದುಂಟು. ಕೊಟ್ಟರೆ ಅದು ಸಾಯುವತನಕ. ಅವರು ಇದುವರೆಗೆ ಯಾರಿಗೂ ಕೊಟ್ಟಿರಲಿಲ್ಲ. ಹೆಡ್ವಿಗ್ ತಿನ್ನುವುದನ್ನು ನಿಲ್ಲಿಸಿ ಗಂಡನನ್ನೇ ನೋಡಿದಳು.

"ಗೆಸಾ, ಇವತ್ತಿಂದ ನನ್ನ ಓಟ್ಮಾರ್ ಅಂತಲೇ ಕರಿ. ನೀನು ಅನ್ನು."

ಇದನ್ನು ನಮ್ಮಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಅಂದರೆ ನಾಲ್ಕು ಜನರೆದುರು ಕೆನ್ನೆಗೆ ಹೊಡೆದಂತೆ. ಗೆಸಾಳ ಗ್ಲಾಸು ಮೇಜಿನ ಮೇಲೆಯೇ ಇತ್ತು.

"ಹೆರ್ ಪ್ರೊಫೆಸರ್, ಇಡೀ ವರ್ಷ ನೀವು ನನ್ನ ಕೈ ನೋಡ್ತಾ ಕೂತಿದ್ರಿ. ಮುಖ ಒಂದ್ಸಲಾನೂ ನೋಡ್ಲಿಲ್ಲ. ಬೇಡ. ನಾವು 'ನೀವು' ಅಂತಲೇ ಇರೋಣ."

ಆ ಮಾತಿನಲ್ಲಿ ಮೋಸ ಎಲ್ಲಿದೆ ಎಂದು ಫೆಂಡ್ರಿಖ್ ಅಭ್ಯಾಸಬಲದಿಂದ ಹುಡುಕಿದರು. ಎಷ್ಟು ಹುಡುಕಿದರೂ ಸಿಗಲಿಲ್ಲ.

"ನೀವು ಹೇಳೋದು ಸರಿ, ಡಾಕ್ಟರ್ ಹಾರ್ಮ್ಸ್," ಎಂದು ಹೇಳಿ ಅವರು ಕೂತರು.