ಅರ್ಧ ಸೀರೆಯ ಜೋಲಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕೂಸಿಗೆಂದು ಇದ್ದ ಸಾಮಾನು ಎಣಿಸಲು ಒಂದು ಕೈಯ ಬೆರಳುಗಳೂ ಪೂರ್ತಿ ಬೇಕಾಗುತ್ತಿರಲಿಲ್ಲ. ಹಾಲು ಕುಡಿಸಲು ಒಂದು ಹಿತ್ತಾಳೆ ಒಳಲೆ, ಬಜೆ ತೇಯಲು ಒಂದು ಸಾಣೆಕಲ್ಲು, ನೀರು ಹಾಕಿ ಮೀಯಿಸಲು ಒಂದು ಮಣ್ಣಿನ ಪಾತ್ರೆ, ಆಮೇಲೆ ಅಜ್ಜಿಯದೊಂದು ಹಳೇ ಸೀರೆ. ಅಷ್ಟೇ. ನಗಬೇಡಿ ಮಕ್ಕಳೇ. ಮೊನ್ನೆ ಭಾನುವಾರ ನಿಮ್ಮಪ್ಪ ನಿಮ್ಮ ತಂಗಿಯ ತೊಟ್ಟಿಲಿನ ಆ ದೊಡ್ಡ ರಟ್ಟಿನ ಪೆಟ್ಟಿಗೆ ಬಿಚ್ಚಿ, ನೆಲದ ತುಂಬ ಸ್ಕ್ರೂ ಹರಡಿಕೊಂಡು ತಲೆ ಕೆರೆಯುತ್ತ ಕೂತಿದ್ದನಲ್ಲ, ಆಗ ನನಗೆ ನೆನಪಾದದ್ದು ಆ ಸೀರೆಯೇ. ಅದರ ಕತೆ ಹೇಳುತ್ತೇನೆ. ನಿಧಾನವಾಗಿ ಹೇಳುತ್ತೇನೆ. ಈಗೀಗ ಮಾತಾಡಿದರೂ ನನಗೆ ಸುಸ್ತಾಗುತ್ತದೆ.

ನಮ್ಮೂರು ಹಳೇಬೀಡಿನ ಮಗ್ಗುಲಿನ ಬಸ್ತಿಹಳ್ಳಿ. ನನಗಾಗ ಒಂಬತ್ತು ವರ್ಷ. ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳ ಕೂಸಿಗೆ ಎರಡು ತಿಂಗಳು ತುಂಬಿತ್ತು. ನಮ್ಮ ಕಡೆ ಆಗತಾನೇ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತೊಡಿಸುತ್ತಿರಲಿಲ್ಲ. ಬಹಳ ಕಾಲ ಬಾಳಿದ ಹಿರಿಯರು ಉಟ್ಟು ಉಟ್ಟು ಮೆತ್ತಗಾದ ಬಟ್ಟೆಯಲ್ಲೇ ಅದನ್ನು ಸುತ್ತಬೇಕು. ಹಾಗೆ ಮಾಡಿದರೆ ಅವರ ಆಯಸ್ಸು ಕೂಸಿಗೂ ಬರುತ್ತದೆ ಎಂಬ ನಂಬಿಕೆ. ಅದಕ್ಕೇ ಅಜ್ಜಿಯ ಹಳೇ ಸೀರೆ ಹೊರಗೆ ಬಂದದ್ದು.

ಆ ಸೀರೆಗೆ ಒಂದು ಕಾಲದಲ್ಲಿ ಏನು ಬಣ್ಣವಿತ್ತೋ ಅಜ್ಜಿಗೇ ಮರೆತುಹೋಗಿತ್ತು. ಅಂಚಿನ ಕೆಂಪು ಮಾತ್ರ ಅಲ್ಲಲ್ಲಿ ಉಳಿದಿತ್ತು. ನಡುಮನೆಯ ತೊಲೆಗೆ ಕಟ್ಟಿದರೆ ಜೋಲಿ. ಹೊಲದ ಬದುವಿನಲ್ಲಿ ಮರಕ್ಕೆ ಕಟ್ಟಿದರೂ ಜೋಲಿಯೇ. ನಾಲ್ಕು ಮಡಿಕೆ ಮಾಡಿ ಹಾಸಿದರೆ ಹಾಸಿಗೆ. ಕೂಸಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿಯುವಾಗ ಅದನ್ನೇ ಗುಡಾರದ ಹಾಗೆ ಮೇಲೆ ಹಿಡಿಯುತ್ತಿದ್ದರು. ಅಕ್ಕನಿಗೆ ಸೊಂಟ ನೋವು ಬಂದ ದಿನ ಅಜ್ಜಿ ಅದನ್ನೇ ಬಿಗಿಯಾಗಿ ಅವಳ ನಡುವಿಗೆ ಸುತ್ತುತ್ತಿದ್ದಳು. ಹರಳೆಣ್ಣೆ, ಹೊಗೆ, ಹುಳಿ ಹಾಲು ಎಲ್ಲ ಸೇರಿದ ಒಂದು ವಾಸನೆ ಅದಕ್ಕಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ನಾನು ಹೇಳುತ್ತಿರುವ ದಿನಕ್ಕೆ ಮೂರು ದಿನ ಮುಂಚಿನಿಂದ ಕೂಸು ಒಂದೇ ಸಮ ಅಳುತ್ತಿತ್ತು. ಹೊಟ್ಟೆನೋವು ಅಂದಳು ಅಜ್ಜಿ. ಬಜೆ ತೇದು ನೆಕ್ಕಿಸಿದರು, ಹೊಟ್ಟೆಗೆ ಎಣ್ಣೆ ಹಚ್ಚಿದರು. ಕೆಳಗೆ ಮಲಗಿಸಿದರೆ ಕಿರುಚುತ್ತಿತ್ತು, ಹೆಗಲಿಗೆ ಹಾಕಿಕೊಂಡರೂ ಕಿರುಚುತ್ತಿತ್ತು. ಆ ಜೋಲಿಯಲ್ಲಿ ಹಾಕಿ ತೂಗಿದರೆ ಮಾತ್ರ ಒಂದಿಷ್ಟು ಹೊತ್ತು ಕಣ್ಣು ಮುಚ್ಚುತ್ತಿತ್ತು. ಅಕ್ಕನ ಕಣ್ಣುಗಳು ಗುಳಿ ಬಿದ್ದಿದ್ದವು. ಊಟಕ್ಕೆ ಕೂತರೆ ಕೈಯಲ್ಲಿ ತುತ್ತು ಹಿಡಿದುಕೊಂಡೇ ತೂಕಡಿಸುತ್ತಿದ್ದಳು. ಅಷ್ಟು ಸೋತ ಮುಖವನ್ನು ನಾನು ಆವರೆಗೆ ನೋಡಿರಲಿಲ್ಲ.

ಆವತ್ತು ಬೆಳಿಗ್ಗೆ ಅಪ್ಪ ಮತ್ತು ಅವ್ವ ರಾಗಿ ಹೊಲದ ಕಳೆ ತೆಗೆಯಲು ಹೊರಟರು. ಕೂಸಿಗೆ ನೀರು ಹಾಕುವ ಮಣ್ಣಿನ ಪಾತ್ರೆ ಹಿಂದಿನ ದಿನ ಒಡೆದಿತ್ತು. ಅವ್ವ ಹಳೇ ಬಟ್ಟೆಗಳ ಒಂದು ಗಂಟು ಕಟ್ಟಿಟ್ಟು, "ಪಾತ್ರೆಯೋಳು ಬಂದ್ರೆ ಇದ್ನ ಕೊಟ್ಟು ಒಂದು ಬೋಗುಣಿ ಈಸ್ಕೊಳ್ಲಾ. ಚೆನ್ನಾಗಿ ಮಾತಾಡಿ ದೊಡ್ಡದೇ ಈಸ್ಕೊ" ಎಂದು ಹೇಳಿ ಹೋದಳು. ಸ್ಟೀಲ್ ಪಾತ್ರೆ ಆಗ ಹಳ್ಳಿಗೆ ಹೊಸದು. ಹಳೇ ಬಟ್ಟೆ ತಗೊಂಡು ಪಾತ್ರೆ ಕೊಡುವ ಹೆಂಗಸರು ತಲೆ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದರು. ಅಜ್ಜಿ ಕೂಸು ಒದ್ದೆ ಮಾಡಿದ್ದ ಸೀರೆಯನ್ನು ಜಾಲಾಡಿಸಿ ಬೇಲಿಯ ಮೇಲೆ ಹರವಿ, ಬೆನ್ನುನೋವಿಗೆ ಎಣ್ಣೆ ಕೇಳಲು ಪಕ್ಕದ ಬೀದಿಗೆ ಹೋದಳು.

ಪಾತ್ರೆಯವಳು ಬಂದಾಗ ಅಕ್ಕ ಗೋಡೆಗೆ ಒರಗಿ, ಕೂಸನ್ನು ಎದೆಗೆ ಅವಚಿಕೊಂಡೇ ನಿದ್ದೆ ಹೋಗಿದ್ದಳು. ಕೂಸೂ ಅಪರೂಪಕ್ಕೆ ಸುಮ್ಮನಿತ್ತು. ನಾನು ತುಟಿಯ ಮೇಲೆ ಬೆರಳಿಟ್ಟು ಪಾತ್ರೆಯವಳನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋದೆ. ಅವಳ ಬೆನ್ನಿಗೂ ಒಂದು ಗಂಟು ಕಟ್ಟಿತ್ತು. ಅದರೊಳಗೆ ಏನಿದೆ ಎಂದು ನಾನು ನೋಡಲಿಲ್ಲ, ನನ್ನ ಕಣ್ಣೆಲ್ಲ ಬುಟ್ಟಿಯಲ್ಲಿ ಫಳಫಳ ಹೊಳೆಯುತ್ತಿದ್ದ ಬೋಗುಣಿಯ ಮೇಲಿತ್ತು. ಅವಳು ನಮ್ಮ ಬಟ್ಟೆಯನ್ನೆಲ್ಲ ಬೆಳಕಿಗೆ ಹಿಡಿದು ನೋಡಿ, "ಇಷ್ಟಕ್ಕೆ ಸಣ್ಣದು ಬತ್ತದೆ. ದೊಡ್ಡದು ಬೇಕಂದ್ರೆ ಇನ್ನೊಂದು ಸೀರೆ ಹಾಕು" ಅಂದಳು.

ನಾನು ಯೋಚನೆ ಮಾಡಿದೆ. ಅವ್ವನಿಗಿದ್ದದ್ದು ಎರಡೇ ಸೀರೆ, ಉಟ್ಟದ್ದೊಂದು, ಒಗೆದದ್ದೊಂದು. ಅಕ್ಕನನ್ನು ಕೇಳೋಣವೆಂದರೆ ಪಾಪ, ಈಗತಾನೇ ಕಣ್ಣು ಹತ್ತಿದೆ. ಬೇಲಿಯ ಮೇಲೆ ಮನೆಯಲ್ಲೇ ಅತ್ಯಂತ ಹಳೆಯದು, ತೇಪೆ ಬಿದ್ದದ್ದು ಒಣಗುತ್ತಿತ್ತು. ಇಷ್ಟು ಹಳೇದಕ್ಕೆ ಇಷ್ಟು ದೊಡ್ಡ ಬೋಗುಣಿ! ಆ ಹೊಳಪಿನಲ್ಲಿ ಅದು ಕೂಸಿನ ಜೋಲಿ ಎಂಬುದೇ ನನಗೆ ಮರೆತುಹೋಗಿತ್ತು. ನಾನೇ ಅವಳಿಗೆ ಟೋಪಿ ಹಾಕಿದೆ ಎಂದುಕೊಂಡು, ಸೀರೆ ಎಳೆದು ಅವಳ ಕೈಗಿತ್ತೆ. ಬುದ್ಧಿವಂತಿಕೆ ಜಾಸ್ತಿಯಾದರೆ ಹೀಗೇ ಆಗುವುದು.

ಕೂಸು ಎದ್ದು ಅಳುವುದಕ್ಕೂ ಅಜ್ಜಿ ವಾಪಸ್ ಬರುವುದಕ್ಕೂ ಸರಿಹೋಯಿತು. ಅಕ್ಕ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೇಲಿಯ ಕಡೆ ಬಂದಳು. ಬರೀ ಬೇಲಿ. ನಾನು ಹೆಮ್ಮೆಯಿಂದ ಬೋಗುಣಿ ತೋರಿಸಿದೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಲ್ಲೇ ಕಲ್ಲಿನ ಮೇಲೆ ಕೂತು, ಕೂಸಿನ ಜೊತೆ ತಾನೂ ಅಳತೊಡಗಿದಳು. ಅಜ್ಜಿ ಅವ್ವನ ಇನ್ನೊಂದು ಸೀರೆ ತಂದು ಜೋಲಿ ಕಟ್ಟಿ ನೋಡಿದಳು. ಅದು ಒರಟು, ಕೂಸಿನ ಮೈಗೆ ತಾಕುತ್ತಲೇ ಕಿರುಚಾಟ ಇನ್ನೂ ಜೋರಾಯಿತು.

ಅಜ್ಜಿ ಬೋಗುಣಿಯನ್ನು ನನ್ನ ಕೈಗೆ ತುರುಕಿದಳು. "ಊರಿಗ್ ಬಂದೋಳು ನೀರಿಗ್ ಬರ್ದೆ ಇದ್ದಾಳಾ? ಕೆರೆ ಏರಿ ಕಡೆ ಹೋಗಿ ಹುಡುಕು. ಇದ್ನ ಅವ್ಳಿಗೆ ಕೊಟ್ಟು ಸೀರೆ ಈಸ್ಕೊಂಡು ಬಾ. ಬರಿಗೈಲಿ ಬಂದೀಯೆ, ಆಮೇಲೈತೆ ನಿಂಗೆ!"

ಬಸದಿಗಳನ್ನು ದಾಟಿ, ಹಳೇಬೀಡಿನ ದೇವಸ್ಥಾನದ ಮುಂದೆ ಓಡಿದೆ. ಅಲ್ಲಿ ಹೂ ಮಾರುವವಳು, "ಬೇಲೂರು ರಸ್ತೆ ಕಡೆ ಹೋದ್ಲು ಕಣಪ್ಪ" ಅಂದಳು. ರಾಗಿ ಬೀಸುವ ಮಿಲ್ಲಿನ ಹತ್ತಿರ ಕೇಳಿದರೆ ಇಲ್ಲ, ಕೆರೆ ಕಡೆಗೇ ತಿರುಗಿದಳು ಅಂದರು. ಬಿಸಿಲು ನೆತ್ತಿಗೆ ಬಂದಿತ್ತು. ಕಾಲಿಗೆ ಚಪ್ಪಲಿ ಇರಲಿಲ್ಲ. ಬೋಗುಣಿ ಕಾದು ಹಿಡಿಯಲು ಆಗದೆ, ಅಂಗಿಯ ಚುಂಗು ಸುತ್ತಿ ಹಿಡಿದುಕೊಂಡೆ. ಹೆಜ್ಜೆಗೊಮ್ಮೆ ಅದು ಮೊಣಕಾಲಿಗೆ ಬಡಿಯುತ್ತಿತ್ತು. ಬೆಳಿಗ್ಗೆ ಎಷ್ಟು ಚೆಂದ ಕಂಡಿದ್ದ ಪಾತ್ರೆಯ ಮೇಲೆ ನನಗೀಗ ವಿಪರೀತ ಸಿಟ್ಟು ಬಂದಿತ್ತು.

ಕೆರೆ ಏರಿಯ ಕೊನೆಯಲ್ಲಿ ಒಂದು ಹೊಂಗೆ ಮರ. ಅದರ ನೆರಳಲ್ಲಿ ಪಾತ್ರೆ ಬುಟ್ಟಿ ಇತ್ತು, ಪಕ್ಕದಲ್ಲಿ ಅವಳಿದ್ದಳು. ಅಬ್ಬ, ಸಿಕ್ಕಿದಳು ಎಂದು ಓಡಿದವನು ಹತ್ತಿರ ಹೋಗಿ ನಿಂತುಬಿಟ್ಟೆ. ಕೊಂಬೆಗೆ ನಮ್ಮ ಸೀರೆಯ ಜೋಲಿ ಕಟ್ಟಿತ್ತು. ಜೋಲಿಯಿಂದ ಒಂದು ಪುಟ್ಟ ಪಾದ ಹೊರಗೆ ಬಂದಿತ್ತು. ಅವಳ ಬೆನ್ನಿನ ಗಂಟಿನಲ್ಲಿ ಇದ್ದದ್ದು ಒಂದು ಕೂಸು.

"ಅಮ್ಮಾ, ಆ ಸೀರೆ ವಾಪಸ್ ಕೊಡಿ. ಪಾತ್ರೆ ತಂದಿವ್ನಿ" ಅಂದೆ.

"ಕೊಟ್ಟೋನು ನೀನೇ ಅಲ್ವೇನಪ್ಪಾ?"

"ಗೊತ್ತಾಗ್ಲಿಲ್ಲ. ನಮ್ಮಕ್ಕನ ಮಗಿಗೆ ಅದೇ ಜೋಲಿ. ಅದಿಲ್ದೆ ಮಲಗಾಕಿಲ್ಲ."

ಅವಳು ನನ್ನನ್ನೂ ಜೋಲಿಯನ್ನೂ ನೋಡಿದಳು. ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಜಗಳ ಮಾಡುವ ತ್ರಾಣವೂ ಇರಲಿಲ್ಲ. "ನಂದೂ ಅಂಗೇ ಕಣಪ್ಪ. ಬೆನ್ನ ಮೇಲೆ ಕುಲುಕಿ ಕುಲುಕಿ ಅದ್ಕೆ ನಿದ್ದೆನೇ ಇಲ್ಲ. ಈಗ ಕಣ್ಮುಚ್ಚೈತೆ. ಎದ್ದೇಳೋಗಂಟ ಕುಂತ್ಕೊ, ಆಮೇಕೆ ತಗೊಂಡ್ಹೋಗು" ಅಂದಳು. ಜೋಲಿಯ ಅಂಚನ್ನು ನನ್ನ ಕೈಗೆ ಕೊಟ್ಟು, "ನೀನು ಒಸಿ ತೂಗ್ತಿರು, ನಾನು ಒಂದ್ ಗಳಿಗೆ ಕಣ್ಮುಚ್ತೀನಿ" ಎಂದು ಬುಟ್ಟಿಗೆ ತಲೆ ಆನಿಸಿದಳು. ಆನಿಸಿದ್ದೇ ತಡ, ಗೊರಕೆ ಶುರುವಾಯಿತು.

ನಾನು ತೂಗುತ್ತ ಕೂತೆ. ಅವಳ ಹಿಮ್ಮಡಿಗಳು ಬಿರುಕು ಬಿಟ್ಟು, ಬಿರುಕಿನಲ್ಲಿ ಧೂಳು ತುಂಬಿತ್ತು. ನಿದ್ದೆಯಲ್ಲಿ ಅವಳ ಬಾಯಿ ಅಕ್ಕನ ಬಾಯಿಯ ಹಾಗೇ ಅರ್ಧ ತೆರೆದಿತ್ತು. ಮನೆಯಲ್ಲಿ ಅಕ್ಕ ಅಳುತ್ತಿದ್ದಾಳೆ. ಗಂಟು ಬಿಚ್ಚಿ, ಇವಳ ಕೂಸನ್ನು ಮಡಿಲಿಗೆ ಹಾಕಿ ಓಡಿಬಿಡಲೇ ಎಂದು ಎರಡು ಸಲ ಎದ್ದು ನಿಂತೆ. ಎರಡು ಸಲವೂ ಆ ಪುಟ್ಟ ಪಾದ ಅಲುಗಿತು, ನಾನು ಹೆದರಿ ಮತ್ತೆ ತೂಗಿದೆ. ಕೆರೆಯಲ್ಲಿ ಎಮ್ಮೆಗಳು ಮುಳುಗಿದ್ದವು. ನನ್ನ ತೋಳು ಸೋತು ಹೋಯಿತು. ಕೈ ಬದಲಾಯಿಸಿದೆ, ಆ ಕೈಯೂ ಸೋತಿತು. ಕೂಸು ತೂಗುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಾದದ್ದು ಆವತ್ತೇ. ಮನೆಯಲ್ಲಿ ಅಕ್ಕ ಒಂದು ಸಲವೂ ನನ್ನನ್ನು ತೂಗು ಎಂದು ಕರೆದಿರಲಿಲ್ಲ, ನಾನೂ ಕೇಳಿರಲಿಲ್ಲ.

ಕೂಸು ಎದ್ದು ಕುಂಯ್ ಅಂದ ಕೂಡಲೇ ಅವಳಿಗೂ ಎಚ್ಚರವಾಯಿತು. ಕೊಟ್ಟ ಮಾತಿಗೆ ಸರಿಯಾಗಿ ಗಂಟು ಬಿಚ್ಚಿ ಸೀರೆ ಮಡಚಿ ನನ್ನ ಕೈಗೆ ಕೊಟ್ಟಳು. ನಾನು ಬೋಗುಣಿ ಕೆಳಗಿಟ್ಟು ಹೊರಟೆ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ, ಅವಳು ಕೂಸನ್ನು ಒಂದು ಗೋಣಿ ತಾಟಿನಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದಳು. ಗೋಣಿ ಚುಚ್ಚಿ ಅದು ಅಳುತ್ತಿತ್ತು. ಊರೂರಿನ ಬಟ್ಟೆ ಹೊತ್ತು ತಿರುಗುವವಳು ತನ್ನ ಕೂಸಿಗೆ ಗೋಣಿ ಸುತ್ತುತ್ತಿದ್ದಳು. ಆ ಬಟ್ಟೆ ಯಾವುದೂ ಅವಳದಲ್ಲ, ಸಂತೆಯಲ್ಲಿ ಬೇರೆಯವರಿಗೆ ಒಪ್ಪಿಸಬೇಕಾದ್ದು ಎಂದು ನನಗೆ ಆಮೇಲೆ ತಿಳಿಯಿತು.

ನನಗೆ ಮುಂದೆ ಹೋಗಲು ಆಗಲಿಲ್ಲ. ವಾಪಸ್ ಬಂದು, "ಅರ್ಧ ಇಟ್ಕೊಳ್ಳಿ" ಅಂದೆ.

"ಮನೇಲಿ ಬೈತಾರೆ ಕಣೋ."

"ಬೈತಾರೆ" ಅಂದೆ. ಸೀರೆಯನ್ನು ಅವಳ ಮುಂದೆ ಹಿಡಿದೆ.

ಅವಳು ಮಧ್ಯಕ್ಕೆ ಮಡಿಸಿ, ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದಳು. ಅಷ್ಟು ಹಳೇ ಸೀರೆ, ಹರಿಯುವಾಗ ಎಷ್ಟು ಸದ್ದು! ಬೋಗುಣಿಯನ್ನೂ ಎತ್ತಿ ನನ್ನ ಕೈಗಿಟ್ಟು, "ಅರ್ಧ ನಂಗೆ ಬಂತಲ್ಲ. ಇದು ನಿಮ್ಮ ಮಗಿಗಿರ್ಲಿ" ಅಂದಳು. ಅವಳು ಬೇಲೂರಿನ ಕಡೆ ಹೋದಳು. ನಾನು ಊರಿನ ಕಡೆ ಬಂದೆ. ಮತ್ತೆಂದೂ ಅವಳನ್ನು ನೋಡಲಿಲ್ಲ.

ಅಜ್ಜಿ ಬಾಗಿಲಲ್ಲೇ ಸೀರೆ ಕಿತ್ತುಕೊಂಡು ಬಿಡಿಸಿದಳು. ಬೇಗ ಮುಗಿದುಹೋಯಿತು. ಹರಿದ ತುದಿಯನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. ನಡೆದದ್ದನ್ನೆಲ್ಲ ನಾನು ಬಿಕ್ಕುತ್ತ ಹೇಳಿದೆ. ಅಜ್ಜಿ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡಳು. ಆಮೇಲೆ, "ಅವ್ಳು ಹೊಟ್ಟೆಗೆ ಏನಾರ ತಿಂದಿದ್ಲೇನ್ಲಾ? ಕೇಳ್ದಾ?" ಅಂದಳು.

"ಇಲ್ಲ."

"ಅದ್ನೂ ಕೇಳ್ಬೇಕಾಗಿತ್ತು ಕಣ್ಲಾ. ಮಗೀಗೆ ಹಾಲು ಕೊಡೋಳು" ಎಂದು ಅಜ್ಜಿ ಎದ್ದು ಹೋದಳು. ಆವತ್ತು ನನಗೆ ಬಿದ್ದ ಬೈಗುಳ ಅದೊಂದೇ. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ಅರ್ಧ ಸೀರೆ ತೊಲೆಗೆ ಎಟುಕಲಿಲ್ಲ. ಅಜ್ಜಿ ಬಾವಿ ಹಗ್ಗದ ತುಂಡು ತಂದು ಎರಡು ತುದಿಗೂ ಗಂಟು ಹಾಕಿ, ಮೇಲಕ್ಕೆ ಬಿಗಿದಳು. ಕೂಸನ್ನು ಹಾಕಿದರು. ನಾನು ಅಕ್ಕನ ಕೈ ಸರಿಸಿ, "ನೀನು ಮಲಕ್ಕೊ, ನಾನು ತೂಗ್ತೀನಿ" ಅಂದೆ. ಅಕ್ಕ ನನ್ನ ತಲೆ ಸವರಿ, ಅಲ್ಲೇ ನೆಲದ ಮೇಲೆ ಉರುಳಿದಳು. ಹೊಲದಿಂದ ಅವ್ವ ಬರುವ ತನಕ ಇಬ್ಬರೂ ನಿದ್ದೆ ಮಾಡಿದರು. ನನ್ನ ತೋಳು ಬಿದ್ದುಹೋಗುವಂತಿತ್ತು, ಆದರೂ ನಿಲ್ಲಿಸಲಿಲ್ಲ.

ಈಗ ನೋಡಿ, ನಿಮ್ಮ ಪುಟ್ಟ ತಂಗಿ ಹುಟ್ಟುವ ಮೊದಲೇ ನಿಮ್ಮಪ್ಪ ಅಮ್ಮ ಮನೆಗೆ ಜಾಸ್ತಿ ಸಾಮಾನು ಬೇಡ, ನಾಲ್ಕು ಕೆಲಸಕ್ಕೆ ಬರುವಂಥ ಒಂದೇ ಸಾಕು ಎಂದು ತೀರ್ಮಾನ ಮಾಡಿದರು. ಒಳ್ಳೆಯ ತೀರ್ಮಾನವೇ, ಅರಸೀಕೆರೆಯ ಈ ಎರಡು ಕೋಣೆಯ ಮನೆಯಲ್ಲಿ ಜಾಗವಾದರೂ ಎಲ್ಲಿದೆ? ಆದರೆ ಆ ಒಂದನ್ನು ಆರಿಸಲು ಇಬ್ಬರೂ ಮೂರು ವಾರ ಫೋನ್ ಹಿಡಿದು ಕೂತರು. ಕೊನೆಗೆ ಬಂದದ್ದು ಒರಗಿಸಿದರೆ ಕುರ್ಚಿ, ಬಗ್ಗಿಸಿದರೆ ಹಾಸಿಗೆ, ಗುಂಡಿ ಒತ್ತಿದರೆ ತಾನೇ ತೂಗುವ ತೊಟ್ಟಿಲು. ಅದನ್ನು ಜೋಡಿಸಲು ಒಂದು ಭಾನುವಾರ ಹೋಯಿತು. ಒಂದು ಸ್ಕ್ರೂ ಉಳಿದೇಬಿಟ್ಟಿತು, ಅದು ಎಲ್ಲಿಯದು ಎಂದು ಇನ್ನೂ ಯಾರಿಗೂ ಗೊತ್ತಿಲ್ಲ. ನಾನು ಅಣಕಿಸುತ್ತಿಲ್ಲ. ನಿಮ್ಮಪ್ಪ ಅಮ್ಮನೂ ನಮ್ಮ ಅಜ್ಜಿಯ ಹಾಗೇ ಯೋಚಿಸಿದ್ದಾರೆ, ಅಂಗಡಿ ಮಾತ್ರ ಬೇರೆ.

ಅಂದಹಾಗೆ, ನಿಮ್ಮ ತಂಗಿಗೆ ನೀರು ಹಾಕುವ ಆ ಸೊಟ್ಟ ಸ್ಟೀಲ್ ಬೋಗುಣಿ ಇದೆಯಲ್ಲ, ಅದೇ ಇದು. ನನ್ನ ಮೊಣಕಾಲಿಗೆ ಬಡಿದು ಬಡಿದು ಸೊಟ್ಟಗಾದದ್ದು. ಹೊಂಗೆ ಮರದ ಕೆಳಗಿನ ಆ ಕೂಸೂ ಈಗ ಎಲ್ಲಿಯೋ ಮೊಮ್ಮಕ್ಕಳನ್ನು ಕಂಡಿರಬೇಕು. ಕಂಡಿರಲಿ.

ನಿನ್ನೆ ಮಧ್ಯಾಹ್ನದಿಂದ ಆ ತೊಟ್ಟಿಲಿನ ಸೆಲ್ ಮುಗಿದಿದೆ. ಗುಂಡಿ ಒತ್ತಿದರೆ ಅಲುಗುವುದಿಲ್ಲ. ಅಲ್ಲಿ ನೋಡಿ, ನಿಮ್ಮಮ್ಮ ಗೋಡೆಗೆ ಒರಗಿ, ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದಾಳೆ. ಕತೆ ಹೇಳುತ್ತ ಹೇಳುತ್ತ ನಾನು ಕಾಲಲ್ಲೇ ತೊಟ್ಟಿಲು ತೂಗುತ್ತಿದ್ದೇನೆ, ನೀವು ಗಮನಿಸಲಿಲ್ಲ. ನನ್ನ ಕಾಲು ಸೋತಿದೆ ಮಕ್ಕಳೇ. ಬನ್ನಿ, ಸದ್ದು ಮಾಡಬೇಡಿ. ನೀವು ಒಸಿ ತೂಗ್ತಿರಿ, ನಾನು ಒಂದು ಗಳಿಗೆ ಕಣ್ಣು ಮುಚ್ಚುತ್ತೇನೆ.