ಪೆರ್ಲಾಳ ಎರಡನೆಯ ಹೆಸರು

೧೯೭೪ನೆಯ ಇಸವಿ ಫೆಬ್ರವರಿ ೫, ಮಂಗಳವಾರ. ಬೆಳಿಗ್ಗೆ ಹಿಮ, ಹತ್ತರ ಮೇಲೆ ಅದೇ ಮಳೆಯಾಗಿ ರಸ್ತೆಯೆಲ್ಲ ರಾಡಿ. ಪೆಟ್ರೋಲಿನ ಅಭಾವದಿಂದ ಬಂಕಿನ ಮುಂದಿನ ಕಾರುಗಳ ಸಾಲು ಮೂರು ಬೀದಿ ದಾಟಿದ್ದರಿಂದ ತ್ರಿಪುರಸುಂದರಿ ಕಾರು ಬಿಟ್ಟು ಬಸ್ಸು ಹತ್ತಿದಳು. ಮೈಸೂರಿನಲ್ಲಿ ಬಿ.ಎ. ಮುಗಿಸಿದ್ದ ಆಕೆ ಅಮೆರಿಕದ ಹಡ್ಸನ್ ನದಿಯ ದಡದ ಆಸ್ಪತ್ರೆಯೊಂದರಲ್ಲಿ ಆರು ವರ್ಷದಿಂದ ಗುಮಾಸ್ತೆ. ರೋಗಿಗಳ ಹೆಸರಿನ ಕಾರ್ಡುಗಳನ್ನು ಜೋಡಿಸಿಡುವುದು ಆಕೆಯ ಕೆಲಸ.

ಹನ್ನೊಂದರ ಹೊತ್ತಿಗೆ ಕಿಟಕಿಯ ಮುಂದೆ ಗ್ರುಬರ್ ಬಂದು ನಿಂತರು. ಹೋಬೋಕನ್ನಿನ ಮುದಿ ದರ್ಜಿ, ಯೆಹೂದಿ. ರಕ್ತದ ಕಾಯಿಲೆಯಿಂದ ಅವರ ಹೆಂಡತಿ ಪೆರ್ಲಾ ಹತ್ತು ದಿನಗಳಿಂದ ನಾಲ್ಕನೆಯ ಮಹಡಿಯಲ್ಲಿ ಮಲಗಿದ್ದರು.

"ನನ್ನ ಹೆಂಡತಿ ಹೆಸರು ಬದಲಾಯಿಸಬೇಕಿತ್ತಮ್ಮ."

"ಕೋರ್ಟಿನ ಕಾಗದ ತಂದಿದ್ದೀರಾ?"

"ಕೋರ್ಟಲ್ಲ. ಇವತ್ತು ಬೆಳಿಗ್ಗೆ ಪ್ರಾರ್ಥನಾ ಮಂದಿರದಲ್ಲಿ ಹತ್ತು ಜನ ಸೇರಿ ಹೊಸ ಹೆಸರಿಟ್ಟೆವು. ಖಾಯಾ. ಬದುಕಿರುವವಳು ಅಂತ."

ಅವರು ಚೀಟಿಯೊಂದರ ಹಿಂದೆ ಆ ಹೆಸರಿನ ಬೇರಾದ ಎರಡು ಹೀಬ್ರೂ ಅಕ್ಷರ ಬರೆದು ತೋರಿಸಿದರು. ಹೆತ್ ಎಂದರೆ ಎಂಟು, ಯೂದ್ ಎಂದರೆ ಹತ್ತು. ಕೂಡಿದರೆ ಹದಿನೆಂಟು, ಅದೇ ಜೀವ. ಲೋಕವನ್ನು ದೇವರು ಅಕ್ಷರಗಳಿಂದಲೇ ಕಟ್ಟಿದ್ದು. ಸಾವಿನ ತೀರ್ಪು ಪೆರ್ಲಾಳ ಹೆಸರಿಗೆ ಬರೆದಾಗಿದೆ. ಆ ಹೆಸರಿನವಳೇ ಸಿಗದಿದ್ದರೆ ಅದನ್ನು ತಂದ ಮೃತ್ಯುದೂತ ಮರಳಿ ಹೋಗಬೇಕು, ಎಂದರು.

ತ್ರಿಪುರಸುಂದರಿಗೆ ಇದು ವಿಚಿತ್ರವೆನಿಸಲಿಲ್ಲ. ವೀಣೆಯ ಮೇಷ್ಟ್ರಾಗಿದ್ದ ತಂದೆ ಮೇಳಕರ್ತ ರಾಗದ ಹೆಸರಿನ ಮೊದಲೆರಡು ಅಕ್ಷರಗಳಿಂದ ಅದರ ಸಂಖ್ಯೆ ಹೇಳುತ್ತಿದ್ದರು. ಆದರೆ ಆ ಲೆಕ್ಕದ ಮೇಲೆ ಯಾರ ಪ್ರಾಣವೂ ನಿಂತಿರಲಿಲ್ಲ.

ಪಕ್ಕದ ಮೇಜಿನ ಟೋನಿ ನಕ್ಕ: "ಏ ಟ್ರಿಪ್, ಹಾಗೇ ನಂದೂ ಬದಲಾಯಿಸು. ಬಿಟ್ಟು ಹೋದ ಹೆಂಡ್ತಿ ಜೀವನಾಂಶ ಕೇಳೋಕೆ ಹುಡುಕ್ತಿದ್ದಾಳೆ!"

ಆಕೆ ಅವನನ್ನು ದುರುಗುಟ್ಟಿ ನೋಡಿದಳು. ಹೊಸ ಕಾರ್ಡು ತೆಗೆದು, "ಗ್ರುಬರ್, ಖಾಯಾ: ಗ್ರುಬರ್, ಪೆರ್ಲಾ ನೋಡಿ" ಎಂದು ಟೈಪು ಮಾಡಿ ಪೆಟ್ಟಿಗೆಗೆ ಸೇರಿಸಿದಳು. ಅಷ್ಟು ಮಾತ್ರ ಆಕೆಯ ಕೈಯಲ್ಲಿತ್ತು.

"ಮಣಿಕಟ್ಟಿನ ಪಟ್ಟಿ?" ಎಂದರು ಗ್ರುಬರ್. "ಹುಡುಕಿಕೊಂಡು ಬರುವವನು ಮೊದಲು ಓದೋದು ಅದನ್ನೇ."

ಆಕೆ ನಾಲ್ಕನೆಯ ಮಹಡಿಗೆ ಫೋನು ಮಾಡಿ ಕೇಳಿ, ಕೆಳಗಿಟ್ಟಳು.

"ಆಗೋದಿಲ್ಲವಂತೆ. ರಕ್ತದ ಬಾಟಲಿಯ ಹೆಸರನ್ನೂ ಪಟ್ಟಿಯ ಹೆಸರನ್ನೂ ತಾಳೆ ನೋಡಿಯೇ ಕೊಡುತ್ತಾರೆ. ಒಂದು ಅಕ್ಷರ ತಪ್ಪಿದರೂ ಜೀವಕ್ಕೇ ಅಪಾಯ."

"ಹಾಗಾದರೆ ಅಕ್ಷರದ ವಿಷಯದಲ್ಲಿ ಡಾಕ್ಟರುಗಳೂ ನಮ್ಮವರೇ," ಎಂದು ಗ್ರುಬರ್ ಟೋಪಿ ಸರಿಮಾಡಿಕೊಂಡು ಲಿಫ್ಟಿನ ಕಡೆ ನಡೆದರು.

ಸಂಜೆ ಊಟಕ್ಕೆ ಕುಳಿತಾಗ ಗಂಡ ಶಂಕರನಾರಾಯಣ ಎಲ್ಲವನ್ನೂ ಕೇಳಿ, "ನಿನ್ನ ಹೆಸರನ್ನ ಆಸ್ಪತ್ರೆಯವರು ಟ್ರಿಪ್ ಅಂತ ಮುಕ್ಕಾಲು ಭಾಗ ತಿಂದು ಹಾಕಿದ್ರಲ್ಲೇ, ನೀನು ಗುಂಡುಕಲ್ಲಿನ ಹಾಗೆ ಇಲ್ವಾ?" ಎಂದ.

"ತಮಾಷೆ ಬೇಡಾರೀ. ನರ್ಸುಗಳು ಪೆರ್ಲಾ ಅಂತ ಕೂಗಿದಾಗೆಲ್ಲ ಆ ಮುದುಕರು ಬಾಗಿಲ ಕಡೆ ನೋಡ್ತಾರಂತೆ."

ಮರುದಿನದಿಂದ ಮಧ್ಯಾಹ್ನದ ಬಿಡುವಿನಲ್ಲಿ ಆಕೆ ನಾಲ್ಕನೆಯ ಮಹಡಿಗೆ ಹೋಗಿ, "ಹೇಗಿದ್ದೀರಿ, ಖಾಯಾ ಆಂಟಿ?" ಎಂದು ಕೇಳಿ ಬರತೊಡಗಿದಳು. ಪೆರ್ಲಾ ಒಮ್ಮೆಯೂ ಓಗೊಡಲಿಲ್ಲ. ಅರವತ್ತೊಂಬತ್ತು ವರ್ಷ ಕೇಳಿದ ಹೆಸರಿಗೆ ಮಾತ್ರ ಅವರ ಕಣ್ಣು ತೆರೆಯುತ್ತಿತ್ತು.

ಹೆಸರಿಟ್ಟ ಇಪ್ಪತ್ತನಾಲ್ಕನೆಯ ದಿನ, ಗುರುವಾರ ಮುಂಜಾನೆ, ಪೆರ್ಲಾ ತೀರಿಕೊಂಡರು. ಮರಣದ ಕಾಗದಗಳಿಗಾಗಿ ಗ್ರುಬರ್ ಮತ್ತೆ ಕಿಟಕಿಗೆ ಬಂದರು. ತ್ರಿಪುರಸುಂದರಿ ಅವರನ್ನು ಒಳಗೆ ಕೂರಿಸಿ ಕಾಫಿ ತರಿಸಿದಳು.

"ಹೊಸ ಹೆಸರು ಮೂವತ್ತು ದಿನ ನಿಲ್ಲಬೇಕಮ್ಮ. ನಿಲ್ಲದೆ ಹೋದರೆ ಅದು ಅವಳದಲ್ಲ. ಗೋರಿಯ ಕಲ್ಲಿಗೆ ಪೆರ್ಲಾ ಅಂತಲೇ ಹೇಳಿದ್ದೇನೆ. ಆ ಕಾರ್ಡು ಹರಿದುಬಿಡಿ."

ಪೆಟ್ಟಿಗೆಗೆ ಸೇರಿದ ಕಾರ್ಡನ್ನು ತೆಗೆಯುವ ಅಧಿಕಾರ ಆಸ್ಪತ್ರೆಯಲ್ಲಿ ಯಾರಿಗೂ ಇರಲಿಲ್ಲ. ಅದನ್ನು ಹೇಳಲು ಆಕೆ ಎರಡು ಬಾರಿ ಬಾಯಿ ತೆರೆದಳು. ಮೂರನೆಯ ಬಾರಿ ಹೇಳಿದಳು.

ಗ್ರುಬರ್ ತಲೆಯಾಡಿಸಿದರು. ತೋರಿಸಿದ ಜಾಗದಲ್ಲೆಲ್ಲ ಸಹಿ ಮಾಡಿ ಎದ್ದರು.

ರಾತ್ರಿ ತ್ರಿಪುರಸುಂದರಿ ಮನೆಯ ಲೆಕ್ಕದ ಪುಸ್ತಕದಲ್ಲಿ ಆ ದಿನದ ಖರ್ಚು ಬರೆದಳು: ಬಸ್ಸಿಗೆ ಹೋಗಿ ಬರಲು ಎಪ್ಪತ್ತು ಸೆಂಟು, ಎರಡು ಕಾಫಿಗೆ ನಲವತ್ತು. ಒಟ್ಟು ಒಂದು ಡಾಲರ್ ಹತ್ತು ಸೆಂಟು.